ಮನೆಯ ಯಂತ್ರಗಳ ಆಯುಸ್ಸು: ಕಿಕ್ಕೇರಿಯಿಂದ ಒಂದು ಸಮೀಕ್ಷೆ

ಕಬ್ಬಿನ ದುಡ್ಡು ಕೈಸೇರಿದ ತಿಂಗಳು, ಇಲ್ಲವೇ ರೇಷ್ಮೆಗೂಡು ಒಳ್ಳೆ ರೇಟಿಗೆ ಹೋದ ವಾರ, ಕಿಕ್ಕೇರಿ ಹೋಬಳಿಯ ಜನ ಕೆ.ಆರ್.ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಬರುತ್ತಾರೆ. ಫ್ರಿಜ್ಜಿನ ಬಾಗಿಲು ತೆಗೆದು ಹಾಕಿ, ಮಿಕ್ಸಿಯ ಜಾರು ಎತ್ತಿ ನೋಡಿ, ಬೆಲೆಗಿಂತ ಮೊದಲು ಕೇಳುವ ಮಾತು ಒಂದೇ: "ಬಾಳ್ಕೆ ಬತ್ತದಾ?" ಅಂಗಡಿಯವರು ವಾರಂಟಿಯ ವರ್ಷ ಹೇಳುತ್ತಾರೆ. ಕೇಳಿದ್ದಕ್ಕೆ ಅದು ಉತ್ತರವಲ್ಲ. ಹತ್ತು ಜನ ದುಡಿದು ಕೂಡಿಟ್ಟ ದುಡ್ಡಲ್ಲಿ ಬಹುಶಃ ಜೀವಮಾನಕ್ಕೆ ಒಂದೇ ಸಲ ಫ್ರಿಜ್ ಕೊಳ್ಳುವ ಮನೆಗೆ ಈ ಪ್ರಶ್ನೆ ಸಣ್ಣದಲ್ಲ. ಇದಕ್ಕೆ ಪತ್ರಿಕೆಗಳಲ್ಲೂ ಮೊಬೈಲಿನಲ್ಲೂ ಸಿಗುವ ಸಲಹೆಯೆಲ್ಲ ಬೆಂಗಳೂರಿನ ಅಪಾರ್ಟ್‌ಮೆಂಟುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಅಲ್ಲಿನ ಕರೆಂಟು, ಅಲ್ಲಿನ ನೀರು, ಫೋನ್ ಮಾಡಿದ ಮರುದಿನ ಬರುವ ಮೆಕ್ಯಾನಿಕ್ಕು ಇವು ಮೂರೂ ಕಿಕ್ಕೇರಿಯಲ್ಲಿ ಬೇರೆ. ಅದೇ ಕಾರ್ಖಾನೆಯ ಅದೇ ಮಾಡೆಲ್ಲು ಬೆಂಗಳೂರಿನಲ್ಲಿ ಹನ್ನೆರಡು ವರ್ಷ ನಡೆದು ಇಲ್ಲಿ ನಾಲ್ಕಕ್ಕೆ ಕೂತರೆ ಆಶ್ಚರ್ಯವಿಲ್ಲ. ಯಂತ್ರದ ಆಯುಸ್ಸನ್ನು ಅರ್ಧ ಕಂಪನಿ ಬರೆದರೆ ಇನ್ನರ್ಧ ಊರು ಬರೆಯುತ್ತದೆ ಎಂಬುದು ನನ್ನ ನಂಬಿಕೆ. ಆ ಇನ್ನರ್ಧವನ್ನು ಯಾರೂ ಬಿಡಿಸಿ ನೋಡಿಲ್ಲ ಎಂಬ ಕಾರಣಕ್ಕೇ ಈ ಸಮೀಕ್ಷೆ.

ಹಿಂದೆ ಈ ಸೀಮೆಯ ಮನೆಗಳಿಗೆ ಬಾಳಿಕೆ ಹೊಸ ವಿಷಯವಾಗಿರಲಿಲ್ಲ. ನಾಗಮಂಗಲ ಲೋಹದ ಕೆಲಸಕ್ಕೆ ಹೆಸರಾದ ಊರು. ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಕಂಚಿನ ತಣಿಗೆ ಕೊಂಡರೆ ಅದು ಮಗಳ ಮದುವೆಗೂ ಮೊಮ್ಮಗಳ ಬಾಣಂತನಕ್ಕೂ ಆಗುತ್ತಿತ್ತು. ಲೋಹ ದಪ್ಪವಾಗಿತ್ತು ಎಂಬುದೊಂದೇ ಕಾರಣವಲ್ಲ. ತಿದಿ, ಇದ್ದಿಲು, ತವರ, ನವಸಾಗರ ಹೊತ್ತು ಕಲಾಯಿಯವರು ಊರೂರು ತಿರುಗುತ್ತಿದ್ದರು. ಜಗುಲಿಯ ಕೆಳಗೇ ಕುಲುಮೆ ಹೂಡಿ ಬೀದಿಯ ಪಾತ್ರೆಗಳಿಗೆಲ್ಲ ಹೊಳಪು ಕೊಟ್ಟು ಹೋಗುತ್ತಿದ್ದರು. ಬೀಸೋಕಲ್ಲು ನುಣುಪಾದರೆ ಉಳಿ ಸುತ್ತಿಗೆ ಹಿಡಿದು ಹಲ್ಲು ಹೊಡೆದುಕೊಡುವವರಿದ್ದರು. ಸವೆಯುವುದು ಸಹಜವೆಂದೂ ಸವೆದದ್ದನ್ನು ಮನೆಯ ಮುಂದೆಯೇ ಸರಿಮಾಡಬೇಕೆಂದೂ ಒಪ್ಪಿಕೊಂಡ ವ್ಯವಸ್ಥೆ ಅದು. ಹಂಡೆಗೆ ವಾರಂಟಿ ಇರಲಿಲ್ಲ, ರಿಪೇರಿಯವರಿದ್ದರು.

ಆಧುನಿಕ ಕಾಲದಲ್ಲೂ ಇದೇ ಮನಸ್ಸಿನಿಂದ ನಡೆದ ಒಂದು ದೊಡ್ಡ ಪ್ರಯತ್ನ ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹಳ್ಳಿಗೆ ಹೊಂದುವ ತಂತ್ರಜ್ಞಾನ ರೂಪಿಸುವುದೇ ಅದರ ಕೆಲಸ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಪ್ರಯೋಗ ಕೇಂದ್ರವಿತ್ತು. ಅಲ್ಲಿಂದ ಬಂದ ಅಸ್ತ್ರ ಒಲೆಯಲ್ಲಿ ಮಣ್ಣು, ಇಟ್ಟಿಗೆ, ಕಬ್ಬಿಣದ ಸರಳಿನ ಜಾಲರಿ, ಹೊಗೆ ಕೊಳವೆ ಬಿಟ್ಟರೆ ಬೇರೇನಿಲ್ಲ. ಒಂದೇ ಉರಿಯಲ್ಲಿ ಮೂರು ಪಾತ್ರೆ ಬೇಯುತ್ತಿತ್ತು, ಸೌದೆ ಉಳಿಯುತ್ತಿತ್ತು, ಹೊಗೆ ಹೊರಗೆ ಹೋಗುತ್ತಿತ್ತು. ಊರಿನ ಗಾರೆ ಕೆಲಸದವರೇ ಕಟ್ಟಬಲ್ಲ, ಊರಿನವರೇ ತಿದ್ದಬಲ್ಲ ಸಾಧನವದು. ಅಳತೆ ತಪ್ಪಿಸಿ ಕಟ್ಟಿದ ಕಡೆ ಅದು ಸೋತಿತು, ಸರಿಯಾಗಿ ಕಟ್ಟಿಸಿಕೊಂಡವರ ಮನೆಯಲ್ಲಿ ವರ್ಷಗಟ್ಟಲೆ ಉರಿಯಿತು. ಗ್ಯಾಸ್ ಬಂದ ಮೇಲೆ ಅದರ ಮಾತು ಕಡಿಮೆಯಾಗಿದೆ. ಆದರೂ ಬಾಳಿಕೆಯ ಸಾಧನ ಹೇಗಿರಬೇಕು ಎಂಬುದಕ್ಕೆ ನಾನು ಮೊದಲು ತೋರಿಸುವುದು ಆ ಒಲೆಯನ್ನೇ.

ಇನ್ನು ಕರೆಂಟು. ಮಂಡ್ಯ ಜಿಲ್ಲೆಗೆ ಇದರಲ್ಲಿ ವಿಚಿತ್ರವಾದ ಚರಿತ್ರೆಯಿದೆ. ಇದೇ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿ, ತಂತಿಯ ಮೇಲೆ ಸುಮಾರು 147 ಕಿಲೋಮೀಟರ್ ಹೋಗಿ ಕೋಲಾರದ ಚಿನ್ನದ ಗಣಿಗೆ ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು. ಪಕ್ಕದಲ್ಲೇ ಇದ್ದ ಹಳ್ಳಿಗಳಿಗೆ ಅದು ತಲುಪಿದ್ದು ದಶಕಗಳು ಕಳೆದ ಮೇಲೆ, ಅದೂ ಹೆಚ್ಚಾಗಿ ಪಂಪ್‌ಸೆಟ್ಟಿನ ಹೆಸರಿನಲ್ಲಿ. ಆ ಪಂಪ್‌ಸೆಟ್ಟೇ ಇಂದಿಗೂ ನಮ್ಮ ಮನೆಯ ಮಿಕ್ಸಿ, ಫ್ರಿಜ್ಜುಗಳ ಹಣೆಬರಹ ಬರೆಯುತ್ತಿದೆ, ಕೆಟ್ಟದ್ದಕ್ಕೂ ಒಳ್ಳೆಯದಕ್ಕೂ.

ಕೆಟ್ಟದ್ದನ್ನು ಮೊದಲು ಹೇಳುತ್ತೇನೆ. ಮನೆಗೆ ಬರಬೇಕಾದ್ದು 230 ವೋಲ್ಟ್. ತ್ರೀ ಫೇಸ್ ಕೊಟ್ಟ ಹೊತ್ತಿನಲ್ಲಿ ಸುತ್ತಲಿನ ಮೋಟಾರುಗಳೆಲ್ಲ ಒಮ್ಮೆಗೇ ಎದ್ದರೆ ಲೈನಿನ ಕೊನೆಯ ಮನೆಯಲ್ಲಿ ಬಲ್ಬು ಮಂಕಾಗುತ್ತದೆ. ಬಲ್ಬು ಮಂಕಾದರೆ ನಷ್ಟವಿಲ್ಲ, ಮೋಟಾರಿನ ಕಥೆ ಬೇರೆ. ಫ್ರಿಜ್ಜಿನ ಕಂಪ್ರೆಸರಿನಲ್ಲಿರುವಂಥ ಇಂಡಕ್ಷನ್ ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 230ರ ಬದಲು 160 ವೋಲ್ಟ್ ಬಂದರೆ ಉಳಿಯುವುದು ಅರ್ಧಕ್ಕಿಂತ ಕಡಿಮೆ ಬಲ. ಒಳಗಿನ ಒತ್ತಡ ದೂಡಿ ಏಳಲಾರದೆ ಕಂಪ್ರೆಸರ್ ಗುಂಯ್‌ಗುಟ್ಟುತ್ತದೆ, ಕರೆಂಟು ಮಾತ್ರ ಹಲವು ಪಟ್ಟು ಎಳೆಯುತ್ತದೆ, ವೈಂಡಿಂಗ್ ಕಾಯುತ್ತದೆ. ಓವರ್‌ಲೋಡ್ ಕಟ್ ಆಗಿ ಮತ್ತೆ ಹಾಕಿಕೊಂಡು ಮತ್ತೆ ಕಟ್ ಆಗುತ್ತದೆ. ಹೀಗೆ ನಾಲ್ಕಾರು ಬೇಸಿಗೆ ಕಳೆದರೆ ತಂತಿಯ ಮೇಲಿನ ವಾರ್ನಿಷ್ ಸುಟ್ಟು, "ಕಂಪ್ರೆಸರ್ ಹೋಗದೆ" ಎಂಬ ತೀರ್ಪು ಬರುತ್ತದೆ. ಕಂಪನಿ ಕೆಟ್ಟದ್ದು ಮಾಡಿತ್ತು ಅಂತಲ್ಲ, ಯಂತ್ರ ದಿನವೂ ಉಸಿರು ಕಟ್ಟಿಕೊಂಡು ದುಡಿದಿತ್ತು.

ಇದಕ್ಕಿಂತ ಭೀಕರವಾದದ್ದು ನ್ಯೂಟ್ರಲ್ ಕತ್ತರಿಸುವುದು. ಟೀಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ, ಅಥವಾ ಕಂಬದ ಮೇಲೆ ತೆಂಗಿನ ಗರಿ ಬಿದ್ದು, ನ್ಯೂಟ್ರಲ್ ತಂತಿ ಬಿಟ್ಟುಹೋದರೆ ಎರಡು ಫೇಸುಗಳ ನಡುವಿನ 400 ವೋಲ್ಟಿನ ಹತ್ತಿರ ಹತ್ತಿರ ಕೆಲವು ಮನೆಗಳ ಮೇಲೆ ಬೀಳುತ್ತದೆ. ಒಂದೇ ಸಂಜೆ ಒಂದು ಬೀದಿಯ ಟಿವಿ, ಫ್ರಿಜ್, ಚಾರ್ಜರುಗಳೆಲ್ಲ ಸುಡುವುದು ಹೀಗೆ. ಎಂಸಿಬಿ ಇದನ್ನು ತಡೆಯುವುದಿಲ್ಲ. ಅದು ನೋಡುವುದು ಕರೆಂಟಿನ ಪ್ರಮಾಣವನ್ನು, ವೋಲ್ಟೇಜನ್ನಲ್ಲ. ಹೈ ಕಟ್ ಮತ್ತು ಲೋ ಕಟ್ ಇರುವ ಸಾಧನವೊಂದನ್ನು ಮೀಟರಿನ ಪಕ್ಕ ಹಾಕಿಸಿದರೆ ಇಡೀ ಮನೆ ಉಳಿಯುತ್ತದೆ. ಜೊತೆಗೆ ನೆಲಕ್ಕೆ ಸರಿಯಾದ ಅರ್ತಿಂಗ್ ಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಪ್ಲಗ್ಗಿನ ಮೂರನೇ ಕಣ್ಣಿಗೆ ತಂತಿಯೇ ಇರುವುದಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ: ಹೊಸ ಯಂತ್ರಕ್ಕೆ ಸಾವಿರಾರು ರೂಪಾಯಿ ಹೆಚ್ಚು ಕೊಡುವ ಮೊದಲು ಆ ದುಡ್ಡಿನ ಒಂದು ಪಾಲನ್ನು ವೈರಿಂಗಿಗೂ ಅರ್ತಿಗೂ ಹಾಕಿ. ಬಾಳಿಕೆಗೆ ಇಷ್ಟು ಅಗ್ಗದ ದಾರಿ ಮತ್ತೊಂದಿಲ್ಲ.

ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಯ ಲೈನನ್ನು ಪಂಪಿನ ಲೈನಿನಿಂದ ಬೇರೆ ಮಾಡಿದ ಮೇಲೆ ಊರೊಳಗಿನ ಸ್ಥಿತಿ ಸುಧಾರಿಸಿದೆ. ತೋಟದ ಮನೆಗಳ ಪಾಡು ಹಾಗಿಲ್ಲ. ಬಹುಪಾಲು ಅವು ಇನ್ನೂ ಪಂಪಿನ ಲೈನಿನಲ್ಲೇ ಇವೆ. ಊರಿನ ನಡುಬೀದಿಯ ಅಣ್ಣನ ಮನೆಯಲ್ಲಿ ತಡೆದ ಯಂತ್ರ ತೋಟದ ಮನೆಯ ತಮ್ಮನಲ್ಲಿ ತಡೆಯದಿರುವುದಕ್ಕೆ ಇದಕ್ಕಿಂತ ಹೆಚ್ಚಿನ ಗುಟ್ಟೇನಿಲ್ಲ.

ಒಳ್ಳೆಯದನ್ನೂ ಹೇಳಬೇಕಲ್ಲ. ಇಷ್ಟೊಂದು ಪಂಪುಗಳು ಸುಟ್ಟಿದ್ದರಿಂದಲೇ ಈ ನಾಡಿನ ಪ್ರತಿ ಹೋಬಳಿ ಕೇಂದ್ರದಲ್ಲೂ ರಿವೈಂಡಿಂಗ್ ಅಂಗಡಿ ಹುಟ್ಟಿಕೊಂಡಿತು. ಬೇಸಿಗೆಯಲ್ಲಿ ಅಲ್ಲಿ ಸಬ್‌ಮರ್ಸಿಬಲ್‌ಗಳು ಸಾಲಾಗಿ ಮಲಗಿರುತ್ತವೆ. ಸ್ಲಾಟ್ ಎಣಿಸಿ, ತಂತಿಯ ಗೇಜ್ ಅಳೆದು, ಕಾಯಿಲ್ ಸುತ್ತಿ, ವಾರ್ನಿಷ್ ಹೊಯ್ದು, ಮರುದಿನ ಬಾವಿಗೆ ಇಳಿಸುವ ಹಾಗೆ ಮಾಡಿಕೊಡುವ ಕೈಗಳು ಅಲ್ಲಿವೆ. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಈ ಕೈಚಳಕ ಸಿಗದು. ಎನ್‌ಜಿಇಎಫ್ ಹೆಸರಿನ ಹಳೆಯ ಮೋಟಾರು ಈಗಲೂ ನಮ್ಮ ಕಡೆ ಮರ್ಯಾದೆ ಪಡೆಯುತ್ತದೆ. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎಇಜಿ ಸಹಯೋಗದಿಂದ ನಡೆದ ಆ ಸರ್ಕಾರಿ ಕಾರ್ಖಾನೆ 2002ರಲ್ಲಿ ಮುಚ್ಚಿತು. ಕಾರ್ಖಾನೆ ಹೋದರೂ ಮೋಟಾರು ಉಳಿದದ್ದು ಎರಕದ ಮೈ ಗಟ್ಟಿಯಿದ್ದುದರಿಂದ ಮತ್ತು ಯಾವ ಊರಿನವರಾದರೂ ಬಿಚ್ಚಿ ಸುತ್ತಬಹುದಾಗಿದ್ದರಿಂದ.

ಕಿಕ್ಕೇರಿಯಲ್ಲಿ ಯಂತ್ರ ಕೊಳ್ಳುವಾಗ ಮೊದಲು ನೋಡಬೇಕಾದ್ದು ಇಲ್ಲೇ ಇದೆ. ಆ ರಿವೈಂಡಿಂಗ್ ಅಂಗಡಿಯ ಕೈಗೆ ಎಟುಕುವ ಯಂತ್ರ ಯಾವುದು, ಎಟುಕದ್ದು ಯಾವುದು? ಗ್ರೈಂಡರ್ ಎಟುಕುತ್ತದೆ. ಕೊಯಮತ್ತೂರಿನಲ್ಲಿ 1955ರಲ್ಲಿ ಪಿ. ಸಭಾಪತಿ ರೂಪಿಸಿದ ಆ ಯಂತ್ರಕ್ಕೆ ಇಂದು ಭೌಗೋಳಿಕ ಗುರುತೂ ಇದೆ. ಒಂದು ಮೋಟಾರು, ಒಂದು ಬೆಲ್ಟು, ತಿರುಗುವ ಪಾತ್ರೆ, ಕಲ್ಲು, ಅಷ್ಟೇ ಅದರ ಸಂಸಾರ. ನಿಧಾನಕ್ಕೆ ತಿರುಗುವುದರಿಂದ ಬಿಸಿ ಕಡಿಮೆ, ಸವೆತ ಕಡಿಮೆ. ಬೆಲ್ಟು ಹೋದರೆ ಬೆಲ್ಟು, ಬುಶ್ ಹೋದರೆ ಬುಶ್, ಕಾಯಿಲ್ ಸುಟ್ಟರೆ ಕಾಯಿಲ್. ಇಪ್ಪತ್ತು ವರ್ಷ ದುಡಿದ ಗ್ರೈಂಡರ್ ಈ ಸೀಮೆಯಲ್ಲಿ ಅಪರೂಪವಲ್ಲ. ಮದುವೆಗೆ ಏನು ಕೊಡಲಿ ಎಂದು ನನ್ನನ್ನು ಯಾರಾದರೂ ಕೇಳಿದರೆ ಯೋಚಿಸದೆ ಹೇಳುವ ಹೆಸರು ಇದು.

ಮಿಕ್ಸಿಯ ಹುಟ್ಟೂ ರಿಪೇರಿಯ ತಾಪತ್ರಯದಿಂದಲೇ ಆದದ್ದು. ಬೊಂಬಾಯಿಯಲ್ಲಿ ಎಂಜಿನಿಯರಾಗಿದ್ದ ಸತ್ಯಪ್ರಕಾಶ್ ಮಾಥುರ್ ಅವರ ಮನೆಯ ಜರ್ಮನ್ ಮಿಕ್ಸರ್ ನಮ್ಮ ಅಡುಗೆಯ ರುಬ್ಬು ತಡೆಯದೆ ಸುಟ್ಟುಹೋಯಿತು. ಹೆಂಡತಿ ಮಾಧುರಿಯವರ ಒತ್ತಾಯಕ್ಕೆ ಅವರೇ ಒಂದನ್ನು ಕಟ್ಟಿದರು; 1963ರಲ್ಲಿ ಸುಮೀತ್ ಬಂತು. ಒಣ ಅರಿಶಿನ, ಕೊಬ್ಬರಿ, ನೆನೆದ ಅಕ್ಕಿ ಎಲ್ಲಕ್ಕೂ ಮೈಯೊಡ್ಡುವ ಮೋಟಾರು ಎಂಬುದೇ ಅದರ ಹೆಗ್ಗಳಿಕೆ. ಮಿಕ್ಸಿಯ ಮೋಟಾರು ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ತಿರುಗುತ್ತದೆ, ಕಾರ್ಬನ್ ಬ್ರಷ್ಷಿನ ಮೇಲೆ ಓಡುತ್ತದೆ. ಬ್ರಷ್ ಸವೆಯಲೇಬೇಕು, ಸವೆದಾಗ ಹೊರಗಿನಿಂದಲೇ ಸ್ಕ್ರೂ ತೆಗೆದು ಬದಲಿಸಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ಮಗುಚಿ ನೋಡಬೇಕು. ಕೆಳಗಿನ ಕಪ್ಲರ್, ಜಾರಿನ ಬುಶ್, ವಾಶರ್ ಕೆ.ಆರ್.ಪೇಟೆಯ ಸಣ್ಣ ಅಂಗಡಿಯಲ್ಲೂ ಸಿಗುವ ಅಳತೆಯವೇ ಎಂದು ಕೇಳಬೇಕು. ಹೊಳೆಯುವ ಜಾರು ಐದು ಕೊಡುತ್ತಾರೆಂದು ಮರುಳಾಗುವುದಕ್ಕಿಂತ ಇದು ಮುಖ್ಯ. ಬಳಸುವವರ ಕೈಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಬ್ಬದ ಖಾರದಪುಡಿಯನ್ನು ಒಂದೇ ಉಸಿರಿಗೆ ಅರೆಯದೆ ನಡುನಡುವೆ ನಿಲ್ಲಿಸಿದರೆ ಅದೇ ಮೋಟಾರು ಹೆಚ್ಚು ಕಾಲ ಬಾಳುತ್ತದೆ. ಒಣಮೆಣಸಿನಕಾಯಿ ಹೆಚ್ಚಿದ್ದರೆ ಫ್ಲೋರ್‌ಮಿಲ್ಲು ಇದ್ದೇ ಇದೆ.

ಮಿಕ್ಸಿ, ಫ್ಯಾನು, ವಾಷಿಂಗ್ ಮಷೀನು ಮೂರಕ್ಕೂ ಸೇರಿದ ಒಂದು ಪ್ರಶ್ನೆ: ಒಳಗಿರುವುದು ತಾಮ್ರವೋ ಅಲ್ಯೂಮಿನಿಯಮ್ಮೋ? ಅಲ್ಯೂಮಿನಿಯಮ್ಮಿನ ವಾಹಕತೆ ತಾಮ್ರದ ಶೇ. 60ರ ಆಸುಪಾಸು. ಚೆನ್ನಾಗಿ ವಿನ್ಯಾಸ ಮಾಡಿದರೆ ಅದೂ ನಡೆಯುತ್ತದೆ, ಆದರೆ ಅಗ್ಗದ ಯಂತ್ರದಲ್ಲಿ ವಿನ್ಯಾಸಕ್ಕೆ ಅಷ್ಟು ಜಾಗ ಬಿಟ್ಟಿರುವುದಿಲ್ಲ. ಕೀಲುಗಳಲ್ಲಿ ಆಕ್ಸೈಡ್ ಕಟ್ಟಿ ಬಿಸಿಯಾಗುತ್ತದೆ, ಬೆಸುಗೆ ಹಿಡಿಯುವುದು ಕಷ್ಟ, ರಿವೈಂಡಿಂಗಿನವರು ಮುಟ್ಟಲು ಹಿಂಜರಿಯುತ್ತಾರೆ. ವೋಲ್ಟೇಜು ಏರಿಳಿಯುವ ಊರಿಗೆ ತಾಮ್ರವೇ ಇರಲಿ ಎಂಬ ಹಿರಿಯರ ಹಟದಲ್ಲಿ ಗಟ್ಟಿಯಾದ ಭೌತಶಾಸ್ತ್ರವಿದೆ.

ಫ್ಯಾನಿನ ವಿಷಯದಲ್ಲಿ ಮಾತ್ರ ಹಿರಿಯರ ಮಾತನ್ನು ಸ್ವಲ್ಪ ತಿದ್ದಬೇಕಾಗಿದೆ. ಹಳೆಯ ಸೀಲಿಂಗ್ ಫ್ಯಾನು ಹೆಚ್ಚುಕಡಿಮೆ ಸಾವಿಲ್ಲದ್ದು. ನಿಧಾನವಾಯಿತೆಂದರೆ ಕೆಪ್ಯಾಸಿಟರ್, ಸದ್ದು ಬಂತೆಂದರೆ ಬೇರಿಂಗ್; ಎರಡೂ ಎಲ್ಲೆಡೆ ಸಿಗುತ್ತವೆ. ಆದರೆ ಅದು 75 ವಾಟ್ ತಿನ್ನುತ್ತದೆ. ಹೊಸ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನು 28ರಿಂದ 35 ವಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ದಿನಕ್ಕೆ ಹನ್ನೆರಡು ಗಂಟೆ ಓಡಿದರೆ ಹಳೆಯದಕ್ಕೆ ತಿಂಗಳಿಗೆ 27 ಯೂನಿಟ್, ಹೊಸದಕ್ಕೆ ಹತ್ತು ಹನ್ನೆರಡು. 2023ರ ಜುಲೈನಿಂದ ಗೃಹಜ್ಯೋತಿ ಬಂದ ಮೇಲೆ ಕರೆಂಟು ಪುಕ್ಕಟೆ, ಉಳಿಸಿ ಏನು ಮಾಡುವುದು ಎನ್ನುವವರಿದ್ದಾರೆ. ಪುಕ್ಕಟೆ ಸಿಗುವುದು 200 ಯೂನಿಟ್ ಮಿತಿಯೊಳಗೆ, ಅದೂ ಆ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟಕ್ಕೆ ಮಾತ್ರ. ಮೊದಲು ಬಲ್ಬು, ಟಿವಿ ಮಾತ್ರ ಇದ್ದ ಮನೆ ಈಗ ಫ್ರಿಜ್ ತಂದರೆ ಮಿತಿ ದಾಟುತ್ತದೆ. ಒಂದು ಫ್ಯಾನು ಉಳಿಸುವ ಹದಿನೈದು ಹದಿನೇಳು ಯೂನಿಟ್ ಸಣ್ಣ ಫ್ರಿಜ್ಜಿನ ತಿಂಗಳ ಊಟಕ್ಕೆ ಹೆಚ್ಚುಕಡಿಮೆ ಸಾಲುತ್ತದೆ. ಬಿಎಲ್‌ಡಿಸಿ ಫ್ಯಾನಿನ ಕೊರತೆಯೆಂದರೆ ಅದರೊಳಗಿನ ಎಲೆಕ್ಟ್ರಾನಿಕ್ ಬೋರ್ಡು. ಅದು ಸುಟ್ಟರೆ ನಮ್ಮ ರಿವೈಂಡಿಂಗ್ ಅಂಗಡಿ ಕೈಚೆಲ್ಲುತ್ತದೆ. ಹಾಗಾಗಿ ಹಗಲೂ ರಾತ್ರಿ ತಿರುಗುವ ಕೋಣೆಗೆ ಉದ್ದ ವಾರಂಟಿಯ ಹೊಸದು, ಅತಿಥಿಗೆ ಮಾತ್ರ ತಿರುಗುವ ಕೋಣೆಗೆ ಹಳೆಯದು, ಇದು ನನಗೆ ಸರಿಯೆನಿಸುವ ಹಂಚಿಕೆ. ಸೀಲಿಂಗ್ ಫ್ಯಾನುಗಳಿಗೆ 2023ರ ಜನವರಿಯಿಂದ ಸ್ಟಾರ್ ಲೇಬಲ್ ಕಡ್ಡಾಯ. ಲೇಬಲ್ ಇಲ್ಲದ್ದನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೆ ಅದು ಹಳೆಯ ಸರಕು ಎಂದೇ ತಿಳಿಯಬೇಕು. ಒಂದು ಮಾತು ನೆನಪಿರಲಿ: ಸ್ಟಾರು ಹೇಳುವುದು ಎಷ್ಟು ಕರೆಂಟು ತಿನ್ನುತ್ತದೆ ಎಂಬುದನ್ನು. ಎಷ್ಟು ವರ್ಷ ಬದುಕುತ್ತದೆ ಎಂಬುದನ್ನು ಹೇಳುವ ಲೇಬಲ್ ನಮ್ಮ ದೇಶದಲ್ಲಿ ಇನ್ನೂ ಇಲ್ಲ.

ಫ್ರಿಜ್ಜಿಗೆ ಬಂದರೆ, ಒಂದು ಬಾಗಿಲಿನ ಡೈರೆಕ್ಟ್ ಕೂಲೇ ಇಲ್ಲಿಗೆ ಸರಿ. ಅದರಲ್ಲಿ ಒಳಗಿನ ಫ್ಯಾನಿಲ್ಲ, ಮಂಜು ಕರಗಿಸುವ ಹೀಟರಿಲ್ಲ, ಕೆಡುವ ಬಿಡಿಭಾಗ ಕಡಿಮೆ. ಕರೆಂಟು ಹೋದಾಗ ಫ್ರೀಜರಿನಲ್ಲಿ ಕಟ್ಟಿದ ಮಂಜೇ ಒಂದಷ್ಟು ಹೊತ್ತು ತಂಪು ಕಾಯುತ್ತದೆ. "ಹತ್ತು ವರ್ಷ ವಾರಂಟಿ" ಎಂದು ದಪ್ಪಕ್ಷರದಲ್ಲಿ ಬರೆದಿರುವುದು ಕಂಪ್ರೆಸರಿಗೆ ಮಾತ್ರ. ಇಡೀ ಫ್ರಿಜ್ಜಿಗೆ ಇರುವುದು ಸಾಮಾನ್ಯವಾಗಿ ಒಂದೇ ವರ್ಷ. ಕಂಪ್ರೆಸರ್ ಬದಲಿಸುವಾಗ ತುಂಬುವ ಗ್ಯಾಸು, ಕೂಲಿ, ಸಾಗಣೆ ಇವು ಬೇರೆ. ಫ್ರಿಜ್ಜಿನ ಬೆನ್ನಲ್ಲೋ ಬಾಗಿಲಲ್ಲೋ "ಸ್ಟೆಬಿಲೈಸರ್ ಬೇಡ" ಎಂದು ಬರೆದಿದ್ದರೆ ಎಷ್ಟರಿಂದ ಎಷ್ಟು ವೋಲ್ಟಿನವರೆಗೆ ಎಂಬ ಅಂಕಿಯನ್ನು ಓದಬೇಕು. ಆ ಅಂಕಿಯ ಹೊರಗೆ ಅದು ಭರವಸೆಯಲ್ಲ. ತೋಟದ ಮನೆಯವರು ಆ ಬರಹವನ್ನು ನಂಬದೆ ಸ್ಟೆಬಿಲೈಸರ್ ಹಾಕಿಸುವುದೇ ಕ್ಷೇಮ. ಗೋಡೆಯಿಂದ ನಾಲ್ಕು ಬೆರಳು ಆಚೆಗೆ ಇಟ್ಟು, ಹಿಂದಿನ ಧೂಳು ಒರೆಸಿದರೆ ಆಯುಸ್ಸು ಹೆಚ್ಚುತ್ತದೆ.

ಹೆಸರು ನೋಡಿ ಕೊಳ್ಳುವ ಕಾಲವೂ ಬದಲಾಗಿದೆ. "ನಮ್ಮಪ್ಪ ತಂದಿದ್ದು ಇದೇ ಕಂಪನಿದು, ಮೂವತ್ತು ವರ್ಷ ಬಂತು" ಎಂಬ ಸಾಕ್ಷಿ ಇಂದು ಪೂರಾ ನಿಲ್ಲುವುದಿಲ್ಲ. ಚೆನ್ನೈಯಲ್ಲಿ 1978ರಲ್ಲಿ ಶುರುವಾದ ಮಿಕ್ಸಿ ಕಂಪನಿ ಪ್ರೀತಿಯನ್ನು 2011ರಲ್ಲಿ ಫಿಲಿಪ್ಸ್ ಕೊಂಡಿತು. 2021ರಲ್ಲಿ ಫಿಲಿಪ್ಸ್ ತನ್ನ ಗೃಹೋಪಯೋಗಿ ವಿಭಾಗವನ್ನೇ ಮಾರಿತು. ಬೆಂಗಳೂರಿನಿಂದ ಬೆಳೆದು ಮನೆಮಾತಾಗಿದ್ದ ಬಿಪಿಎಲ್ ಹೆಸರನ್ನು ಇಂದು ಬೇರೆಯವರು ಪರವಾನಗಿ ಪಡೆದು ಬಳಸುತ್ತಾರೆ. 1936ರಲ್ಲಿ ಶುರುವಾಗಿ ತಲೆಮಾರುಗಳಿಗೆ ಬಲ್ಬು ಕೊಟ್ಟ ಮೈಸೂರು ಲ್ಯಾಂಪ್ಸ್ ಮುಚ್ಚಿಯೇಹೋಯಿತು. ಹೆಸರು ಉಳಿದರೂ ಅದರ ಹಿಂದಿನ ಕಾರ್ಖಾನೆ, ತಂತಿ, ಬೇರಿಂಗು ಬೇರೆಯಾಗಿರಬಹುದು. ಮಾಡೆಲ್ಲನ್ನು ನೋಡಬೇಕು, ಬಿಡಿಭಾಗವನ್ನು ಕೇಳಬೇಕು.

ಇದಕ್ಕೆ ಅಪವಾದದಂತೆ ನಿಂತಿರುವುದು ಕುಕ್ಕರ್. ಹಾಕಿನ್ಸ್ ಮತ್ತು ಪ್ರೆಸ್ಟೀಜ್ ಎರಡೂ ಸುಮಾರು 1959ರಿಂದ ಇವೆ, ಪ್ರೆಸ್ಟೀಜ್‌ನ ಕುಕ್ಕರ್ ಹಿಂದೆ ಬೆಂಗಳೂರಿನ ದೂರವಾಣಿನಗರದಲ್ಲೇ ತಯಾರಾಗುತ್ತಿತ್ತು. ಮೂಲ ಮಾಡೆಲ್ಲುಗಳ ಅಳತೆ ದಶಕಗಳಿಂದ ಹೆಚ್ಚು ಬದಲಾಗಿಲ್ಲವಾದ್ದರಿಂದ ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ವೆಯ್ಟು, ಹಿಡಿ ಇವು ಸಂತೆಯಲ್ಲೂ ಸಿಗುತ್ತವೆ. ಕುಕ್ಕರಿಗೆ ಐಎಸ್ 2347ರ ಐಎಸ್‌ಐ ಗುರುತು 2021ರಿಂದ ಕಡ್ಡಾಯವಾಗಿದೆ. ಗ್ಯಾಸ್ ಒಲೆಗೆ ಐಎಸ್ 4246. ಅದರಲ್ಲಿ ಹಿತ್ತಾಳೆಯ ಬರ್ನರ್ ಇರಲಿ. ಐಎಸ್‌ಐ ಗುರುತಿನ ಮೇಲೆ ಮಾನಕದ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. 'ಬಿಐಎಸ್ ಕೇರ್' ಎಂಬ ಆ್ಯಪ್‌ನಲ್ಲಿ ಅದನ್ನು ಒತ್ತಿದರೆ ಅಸಲಿಯೋ ನಕಲಿಯೋ ಅಂಗಡಿಯಲ್ಲೇ ತಿಳಿಯುತ್ತದೆ. ಕಾಲೇಜಿಗೆ ಹೋಗುವ ಮಕ್ಕಳನ್ನು ಜೊತೆಗೆ ಕರೆದೊಯ್ಯಲು ಇದೂ ಒಂದು ಕಾರಣ.

ನೀರು ಕರೆಂಟಿನಷ್ಟೇ ದೊಡ್ಡ ಶತ್ರು, ಸದ್ದಿಲ್ಲದ್ದು. ಕುಡಿಯುವ ನೀರಿನ ಗಡಸು ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಬೋರ್‌ವೆಲ್ ನೀರು ಎಂಥದೆಂದು ತಪ್ಪಲೆಯ ತಳದ ಬಿಳಿ ಹೊಪ್ಪಳೆಯೇ ಹೇಳುತ್ತದೆ. ಅದೇ ಹೊಪ್ಪಳೆ ಗೀಸರಿನ ಕಾಯಿಲ್ ಮೇಲೆ ಕಟ್ಟಿ ಶಾಖ ನೀರಿಗಿಳಿಯದಂತೆ ತಡೆಯುತ್ತದೆ, ಕಾಯಿಲ್ ಒಳಗೇ ಬೆಂದು ಬಿರಿಯುತ್ತದೆ. ಗೀಸರಿನೊಳಗೆ ಮೆಗ್ನೀಸಿಯಮ್ಮಿನ ಆನೋಡ್ ಸರಳೊಂದು ತಾನು ಸವೆದು ಟ್ಯಾಂಕನ್ನು ಉಳಿಸುತ್ತದೆ. ಅದನ್ನು ಒಂದೆರಡು ವರ್ಷಕ್ಕೊಮ್ಮೆ ನೋಡಿ ಬದಲಿಸಬೇಕೆಂದು ಕೊಳ್ಳುವವರಿಗೆ ಹೇಳುವವರು ವಿರಳ. ತೆಂಗಿನ ತೋಟವಿರುವ ಮನೆಗೆ ಗೀಸರೇ ಬೇಡ ಎಂಬುದು ನನ್ನ ಅಭಿಪ್ರಾಯ. ಮಟ್ಟೆ, ಗರಿ, ಚಿಪ್ಪು ವರ್ಷವಿಡೀ ಬೀಳುತ್ತಿರುತ್ತವೆ, ತಾಮ್ರದ ಹಂಡೆ ಬಚ್ಚಲಲ್ಲಿದೆ, ಹೊಗೆ ಕೊಳವೆ ಸರಿಯಿರುವ ಒಲೆ ಕಟ್ಟಿಸಿದರೆ ಆಯಿತು. ಅದು ಬಡತನದ ಗುರುತೆಂದು ಕೀಳಾಗಿ ಕಾಣುವುದನ್ನು ನಾವು ಬಿಡಬೇಕು.

ವಾಷಿಂಗ್ ಮಷೀನಿನಲ್ಲಿ ಫುಲ್ ಆಟೋಮ್ಯಾಟಿಕ್ ಎಂದರೆ ಮೇಲ್ದರ್ಜೆ ಎಂಬ ಭಾವನೆಯಿದೆ. ಅದಕ್ಕೆ ನೀರಿನ ಒತ್ತಡ ಬೇಕು. ಬಹಳಷ್ಟು ಮಾಡೆಲ್ಲುಗಳು ಕೇಳುವ 0.3 ಬಾರ್ ಬರಬೇಕಾದರೆ ನಲ್ಲಿಗಿಂತ ಮೂರು ಮೀಟರ್ ಎತ್ತರದಲ್ಲಿ ನೀರಿರಬೇಕು. ತಾರಸಿಯ ಮೇಲೆ ನೇರ ಕೂರಿಸಿದ ಟ್ಯಾಂಕು ಅರ್ಧ ಖಾಲಿಯಾದರೆ ಅಷ್ಟು ಬಾರದು. ಮಷೀನು ನೀರಿಗಾಗಿ ಕಾದು ಎರರ್ ತೋರಿಸಿ ನಿಲ್ಲುತ್ತದೆ. ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ಕಿಗೆ ಬಿಂದಿಗೆಯಲ್ಲಿ ನೀರು ಹೊಯ್ದರೂ ನಡೆಯುತ್ತದೆ. ಟೈಮರ್, ಬೆಲ್ಟು, ಕೆಪ್ಯಾಸಿಟರ್, ಎರಡು ಮೋಟಾರು, ಎಲ್ಲವೂ ಊರಿನ ಕೈಗೆ ಎಟುಕುವಂಥವು. ಗದ್ದೆಯ ಕೆಸರು ಹಿಡಿದ ಬಟ್ಟೆಗೂ ಅದೇ ಒಗ್ಗುತ್ತದೆ. ಆರ್‌ಒ ಬಗ್ಗೆ ಒಂದೇ ಮಾತು: ಪಂಚಾಯಿತಿಯ ಶುದ್ಧ ಕುಡಿಯುವ ನೀರಿನ ಘಟಕ ನೆಟ್ಟಗೆ ನಡೆಯುತ್ತಿದ್ದರೆ ಮನೆಗೊಂದು ಬೇಕಿಲ್ಲ, ಘಟಕ ನೆಟ್ಟಗೆ ನಡೆಯುವಂತೆ ನೋಡಿಕೊಳ್ಳುವುದು ಹೆಚ್ಚು ಅಗತ್ಯ.

ಕೊಳ್ಳುವ ರೀತಿಯೂ ಬಾಳಿಕೆಗೆ ಸೇರಿದ್ದೇ. ಮುಯ್ಯಿಗೆ ಬಂದ ಮೂರು ಮಿಕ್ಸಿ ಅಟ್ಟದಲ್ಲಿರುತ್ತವೆ, ಮೂರೂ ಅಗ್ಗದವು. ನೆಂಟರು ಸೇರಿ ಒಂದೇ ಒಳ್ಳೆಯದನ್ನು ಕೊಟ್ಟಿದ್ದರೆ ಹದಿನೈದು ವರ್ಷ ಬರುತ್ತಿತ್ತು. ಕಂತು ಸುಲಭವೆಂದು ಅಗತ್ಯಕ್ಕಿಂತ ದೊಡ್ಡ ಮಾಡೆಲ್ಲು ತರುವುದೂ ಹೆಚ್ಚಾಗಿದೆ. ಇನ್ನೊಂದು ಸಂಗತಿ ನನ್ನನ್ನು ಸದಾ ಕಾಡುತ್ತದೆ. ಅಂಗಡಿಗೆ ಹೋಗಿ ಆರಿಸುವವರು ಗಂಡಸರು, ದಿನವೂ ಬಳಸುವವರು ಹೆಂಗಸರು. ಯಾವ ಜಾರು ಸೋರುತ್ತದೆ, ಯಾವ ಗುಂಡಿ ಗಟ್ಟಿ, ಯಾವ ಪಾತ್ರೆ ಎತ್ತಲು ಭಾರ ಎಂಬುದೆಲ್ಲ ಗೊತ್ತಿರುವವರ ಮಾತು ಅಂಗಡಿಯಲ್ಲಿ ಕೇಳಿಸದಿದ್ದರೆ ಆಯ್ಕೆ ತಪ್ಪುವುದು ಖಚಿತ. ಈ ಸಮೀಕ್ಷೆಯಲ್ಲಿ ಉಪಯೋಗಕ್ಕೆ ಬರುವ ಮಾತುಗಳು ನನಗೆ ಹೆಚ್ಚು ಸಿಕ್ಕಿದ್ದೂ ಅವರಿಂದಲೇ.

ಕಾನೂನು ಎಷ್ಟರ ಮಟ್ಟಿಗೆ ಜೊತೆಗಿದೆ? 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವಸ್ತು ಎಲ್ಲಿ ಕೊಂಡಿದ್ದರೂ ಕೊಂಡವರು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮೈಸೂರಿನಲ್ಲಿ ಕೊಂಡರೂ, ಆನ್‌ಲೈನಿನಲ್ಲಿ ತರಿಸಿದರೂ, ಕಿಕ್ಕೇರಿಯವರಿಗೆ ಮಂಡ್ಯ ಸಾಕು. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಹೋಗಬೇಕು, ಬಿಲ್ಲು ಇರಲೇಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕಿಕ್ಕೇರಿಯವರು ಇದನ್ನು ಮರೆಯಬೇಕಿಲ್ಲ, ಊರಿನ ಮಗ, ಕವಿ ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ವರ್ಷವೇ ಅದು. ಆದರೆ ಇದೆಲ್ಲ ದೋಷವಿದ್ದದ್ದನ್ನು ಮಾರಿದಾಗ ನೆರವಾಗುವ ಕಾನೂನು. ಐದನೇ ವರ್ಷ ಬೋರ್ಡು ಸುಟ್ಟಾಗ "ಆ ಮಾಡೆಲ್ ನಿಂತೋಗಿದೆ, ಪಾರ್ಟು ಬರಲ್ಲ" ಎಂದರೆ ಮಾಡುವುದೇನು ಎಂಬುದಕ್ಕೆ ಅದರಲ್ಲಿ ಗಟ್ಟಿಯಾದ ಉತ್ತರವಿಲ್ಲ.

ಯುರೋಪಿನ ಒಕ್ಕೂಟ 2021ರ ಮಾರ್ಚ್‌ನಿಂದ ಈ ಉತ್ತರವನ್ನು ಬರೆದಿಟ್ಟಿದೆ. ಮಾಡೆಲ್ ಮಾರಾಟ ನಿಂತ ಮೇಲೂ ಫ್ರಿಜ್ಜಿನ ಮುಖ್ಯ ಬಿಡಿಭಾಗ ಏಳು ವರ್ಷ, ವಾಷಿಂಗ್ ಮಷೀನಿನದು ಹತ್ತು ವರ್ಷ ಸಿಗಲೇಬೇಕು. ಫ್ರಾನ್ಸ್ ಅದೇ ವರ್ಷದಿಂದ ಕೆಲವು ಯಂತ್ರಗಳ ಮೇಲೆ ರಿಪೇರಿಗೆ ಎಷ್ಟು ಸುಲಭ ಎಂದು ಅಂಕ ಹಾಕಿಸುತ್ತಿದೆ. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ರಿಪೇರಿ ಅಂಕದ ಬಗ್ಗೆ 2024ರಲ್ಲಿ ನೇಮಿಸಿದ ಸಮಿತಿ 2025ರ ಮೇನಲ್ಲಿ ವರದಿ ಕೊಟ್ಟಿದೆ. ಆ ಅಂಕವನ್ನು ರೂಪಿಸುವವರು ತೋಟದ ಮನೆಯ 160 ವೋಲ್ಟನ್ನೂ, ಮಂಡ್ಯದ ಗಡಸು ನೀರನ್ನೂ, ಹೋಬಳಿಯ ರಿವೈಂಡಿಂಗ್ ಅಂಗಡಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ನನ್ನ ಕೋರಿಕೆ. ಹತ್ತಿರದ ಸರ್ವೀಸ್ ಸೆಂಟರ್ ಎಷ್ಟು ದೂರ, ಯಾವ ಭಾಗ ಎಷ್ಟು ವರ್ಷ ಸಿಗುತ್ತದೆ, ಎಷ್ಟು ವೋಲ್ಟ್ ತಡೆಯುತ್ತದೆ, ಇವು ಮೂರನ್ನೂ ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಯಿಸಿದರೆ ಕೊಳ್ಳುವವರ ಅರ್ಧ ಕಷ್ಟ ತೀರುತ್ತದೆ.

ರಾಜ್ಯ ಸರ್ಕಾರದ ಕೈಯಲ್ಲೂ ಒಂದು ಕೆಲಸವಿದೆ. ಕಾಯಿಲ್ ಸುತ್ತಬಲ್ಲ ಕೈಗಳು ಹೋಬಳಿಗಳಲ್ಲಿ ಆಗಲೇ ಇವೆ. ಅವರ ಮಕ್ಕಳಿಗೆ ಐಟಿಐಗಳಲ್ಲಿ ಇನ್ವರ್ಟರ್ ಬೋರ್ಡು, ಬಿಎಲ್‌ಡಿಸಿ ಡ್ರೈವರು, ಫ್ರಿಜ್ಜಿನ ಹೊಸ ಗ್ಯಾಸು ಇವುಗಳ ರಿಪೇರಿಯನ್ನು ಆರು ತಿಂಗಳ ಕೋರ್ಸಾಗಿ ಕಲಿಸಬಹುದು. ಬೋರ್ಡಿನ ಸರ್ಕ್ಯೂಟ್ ಚಿತ್ರವನ್ನು ಕಂಪನಿಗಳು ಅವರಿಗೆ ಕೊಡುವಂತೆ ಮಾಡಬಹುದು. ಹಾಗಾದ ದಿನ ಬಿಎಲ್‌ಡಿಸಿ ಫ್ಯಾನಿನ ಬಗ್ಗೆ ನಾನು ಮೇಲೆ ಬರೆದ ಎಚ್ಚರಿಕೆಯನ್ನು ಹೊಡೆದುಹಾಕಬಹುದು, ಫುಲ್ ಆಟೋಮ್ಯಾಟಿಕ್ಕಿನದನ್ನೂ ಮತ್ತೊಮ್ಮೆ ತೂಗಿ ನೋಡಬಹುದು. ಅಲ್ಲಿಯವರೆಗೆ ಕೆ.ಆರ್.ಪೇಟೆಗೆ ಹೋಗುವ ಮುನ್ನ ಕಿಕ್ಕೇರಿಯ ರಿಪೇರಿ ಅಂಗಡಿಗೊಮ್ಮೆ ಹೋಗಿ, ಈ ವರ್ಷ ಯಾವ ಕಂಪನಿಯ ಯಾವ ಮಾಡೆಲ್ಲು ಹೆಚ್ಚು ಬಂತು, ಯಾವುದಕ್ಕೆ ಪಾರ್ಟು ಸಿಕ್ಕಿತು, ಯಾವುದನ್ನು ಗುಜರಿಗೆ ಹಾಕಬೇಕಾಯಿತು ಎಂದು ಕೇಳಿಕೊಂಡು ಹೊರಡುವುದು ಒಳ್ಳೆಯದು.